ಮೂರು ಸಾವಿರ ಮೈಲಿಯ ತಿಪ್ಪೇಶಪ್ಪ

ತರೀಕೆರೆಯ ಮೆಕ್ಯಾನಿಕ್ ತಿಪ್ಪೇಶಪ್ಪನಿಗೆ ಕೆಟ್ಟ ಗಾಡಿಯ ಮೇಲೆ ಸಿಟ್ಟಿಲ್ಲ. ಗಾಡಿ ಕೆಡುವವರೆಗೆ ಕಾಯುವ ಮನುಷ್ಯರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಹಲ್ಲುಜ್ಜದೆ ಗ್ಯಾರೇಜಿಗೆ ಬಂದಾನು, ಆದರೆ ಯಾರನ್ನಾದರೂ ಬಯ್ಯದೆ ಸ್ಪ್ಯಾನರ್ ಹಿಡಿದವನಲ್ಲ. ಸಾವಿರ ಮೈಲಿಗೆ ಗ್ರೀಸು, ಮೂರು ಸಾವಿರಕ್ಕೆ ಆಯಿಲ್, ಆರು ಸಾವಿರಕ್ಕೆ ಬ್ರೇಕ್ ಎಂದು ಗೋಡೆಯ ಮೇಲೆ, ದೇವರ ಪಟಕ್ಕಿಂತ ಎತ್ತರದಲ್ಲಿ ಬರೆಸಿದ್ದಾನೆ. ಓದಲು ಬಾರದವರಿಗೆ ಕೂಗಿ ಹೇಳುತ್ತಾನೆ, ಓದಲು ಬರುವವರಿಗೆ ಇನ್ನೂ ಜೋರಾಗಿ. ಅವನ ಪಾಲಿನ ಶನಿಯೆಂದರೆ ಸೋಡಾ ಫ್ಯಾಕ್ಟರಿ ಪಂಚಾಕ್ಷರಪ್ಪನವರ ಕೆಂಪು ಸ್ಪೋರ್ಟ್ಸ್ ಕಾರು. ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ, ಎರಡೇ ಸೀಟಿನ, ಲಕ್ಷ ಮೈಲಿ ಓಡಿದ ಮುದಿ ಕುದುರೆ ಅದು. ಬೈಗುಳಕ್ಕೆ ಹೆದರಿ ಯಜಮಾನರು ಮೈಲಿ ತೋರಿಸುವ ಮೀಟರಿನ ಕೇಬಲ್ಲನ್ನೇ ಬಿಚ್ಚಿಟ್ಟು ಓಡಿಸುತ್ತಾರೆ. ತಿಪ್ಪೇಶಪ್ಪ ಆಯಿಲ್ ಕಡ್ಡಿ ಎಳೆದು, ಬೆರಳಲ್ಲಿ ಉಜ್ಜಿ, ಮೂಸಿ, "ನಾಕು ಸಾವ್ರ ಮೈಲಿ ಓಡ್ಸಿದೀರ. ಮೀಟ್ರಿಗೆ ಸುಳ್ಳು ಕಲಿಸ್ಬೋದು, ಎಣ್ಣೆಗೆ ಆಗಲ್ಲ ಕಣ್ರೀ!" ಎಂದು ಗುಡುಗುತ್ತಾನೆ. ಮೊನ್ನೆ ಅವರು ಕೆಮ್ಮಣ್ಣುಗುಂಡಿಗೆ ಹೊರಟು, ಬರೀ ಗಾಳಿ ಹೊಡೆಸಲು ನಿಂತಾಗ, ಬ್ರೇಕ್ ಒತ್ತಿ ನೋಡಿದವನೇ ಕೀಲಿ ಕಿತ್ತುಕೊಂಡು ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರಕ್ಕೆ ಗಂಟು ಹಾಕಿಕೊಂಡ. ಅಲ್ಲಿಗೆ ಕೈ ಹಾಕುವ ಧೈರ್ಯ ಯಾರಿಗಿದೆ? "ಕೊಡಯ್ಯ, ಕಾರು ನಂದು, ಪ್ರಾಣ ನಂದು!" ಎಂದು ಕಿರುಚಿದರು ಯಜಮಾನರು. ತಿಪ್ಪೇಶಪ್ಪ ಪಕ್ಕದ ಸೀಟಿನಲ್ಲಿ ಬುತ್ತಿ ಹಿಡಿದು ಕೂತಿದ್ದ ಅವರ ಹೆಂಡತಿ ತೀರ್ಥಮ್ಮನವರ ಕಡೆ ತಿರುಗಿ, ಆವತ್ತು ಮೊದಲ ಸಲ ದನಿ ತಗ್ಗಿಸಿ, "ಅವ್ವಾ, ಘಾಟಿ ಇಳಿಯೋಕೆ ಇದ್ರಲ್ಲಿ ಬ್ರೇಕಿಲ್ಲ. ಯಜಮಾನ್ರು ನಿಮ್ಗೆ ಹೇಳಿದ್ರಾ?" ಎಂದು ಕೇಳಿದ. ತೀರ್ಥಮ್ಮನವರು ಗಂಡನ ಮುಖವನ್ನೇ ನೋಡುತ್ತಾ ಬಾಗಿಲು ತೆಗೆದು ಇಳಿದರು.