ಅಪ್ಪನ ಬೆನ್ನಿನ ಎಲುಬುಗಳು

ಇವತ್ತು ಇಸ್ತ್ರಿ ಅಂಗಡಿ ಮುಂದೆ ಇದ್ದಿಲಿನ ವಾಸನೆ ಮೂಗಿಗೆ ಬಡಿದು, ಜಗಳೂರಿನ ನಮ್ಮ ಮನೆ ಕಣ್ಮುಂದೆ ಬಂತು. ಅಪ್ಪ ಬರಿಮೈಲಿ ಕೂತು ಕಂಬಳಿ ನೇಯುತ್ತಿದ್ದ. ಶಾಲೆ ಬಿಟ್ಟಿದ್ದ ನಾನು ಹಿಂದೆ ಕೂತು, ಹಳೇ ಕ್ಯಾಲೆಂಡರಿನ ಬೆನ್ನಿಗೆ ಅವನ ಬೆನ್ನನ್ನು ಇದ್ದಿಲಿನಲ್ಲಿ ದಿನಾಲೂ ಬರೆಯುತ್ತಿದ್ದೆ. ಮೊದಲು ಎಲುಬು ಎಲ್ಲಿ ಅಂತಲೇ ತಿಳಿಯುತ್ತಿರಲಿಲ್ಲ. ಬರಬರುತ್ತಾ ಒಂದೊಂದೂ ಎಣಿಸುವಂಗೆ ಮೂಡಿತು.

“ಅವ್ವಾ ನೋಡು, ನನ್ನ ಕೈ ಹೆಂಗೆ ಪಳಗೈತೆ!”

ಕೂಲಿಯಿಂದ ಬಂದ ಅವ್ವ ಹಾಳೆಗಳನ್ನೆಲ್ಲ ಸಾಲಾಗಿ ಹಾಸಿ ನೋಡಿದಳು. “ಕೈ ಪಳಗಿಲ್ಲ ಕಣವ್ವ, ನಿಮ್ಮಪ್ಪ ಸವೆದಾರೆ.”

“ಬರೀಲಿ ಬಿಡೇ, ಪುಕ್ಕಟೆ ಎಕ್ಸ್‌ರೇ!” ಅಪ್ಪ ಕೆಮ್ಮುತ್ತಲೇ ನಕ್ಕ.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ದಿನಾ ನೋಡಿದವಳು ನಾನು. ನನಗೇ ತಿಳಿಯಲಿಲ್ಲ.

ಈಗ ಮಗಳು ನನ್ನ ಚಿತ್ರ ಬರೆದು ತಂದರೆ, ಚೆಂದ ಐತೆ ಅನ್ನುವ ಮೊದಲೇ ಅದರಲ್ಲಿ ಎಲುಬು ಹುಡುಕುತ್ತೇನೆ.