ಹಾಜರಿ ಕರೆಯದ ದಿನ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಸ್ಟ್ರಾಬೆರಿ ರಬ್ಬರಿನ ವಾಸನೆ. ಮಕ್ಕಳು ಪೆನ್ಸಿಲ್ ಗೀಟು ಅಳಿಸಲು ಬಳಸುವ ಗುಲಾಬಿ ಬಣ್ಣದ ರಬ್ಬರ್ ಅದು, ಸವೆದು ಹುಣಸೆಬೀಜದಷ್ಟಾಗಿತ್ತು. ಅದರ ಕೆಳಗೆ, ನಾಲ್ಕಾಗಿ ಮಡಿಸಿದ ಕರ್ಚೀಫಿನೊಳಗೆ, ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್. ಇಷ್ಟು ವರ್ಷವಾದರೂ ಆ ವಾಸನೆ ಹೋಗಿರಲಿಲ್ಲ... ಡಬ್ಬಿಯನ್ನು ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ನಾನು ನಿಂತಿದ್ದದ್ದು ಮತ್ತಿಕೆರೆಯಲ್ಲಿ, ಓದುತ್ತಿದ್ದಾಗ ಬಾಡಿಗೆಗಿದ್ದ ಮನೆಯ ಕೆಳಗಿನ ಅಂಗಡಿಯಲ್ಲಿ. ಮನೆಯ ಮಾಲೀಕರೇ ಅಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳುಗಳಾದ ಮೇಲೆ, ಅವರ ಹೆಂಡತಿ ಫೋನ್ ಮಾಡಿದಾಗ.

"ಅಂಗಡಿ ಖಾಲಿ ಮಾಡಿಸ್ತಾ ಇದೀವಮ್ಮ. ಭಾನ್ವಾರ ಗುಜರಿಯವ್ನು ಬರ್ತಾನೆ. ಅದಕ್ ಮುಂಚೆ ನಿಂಗೇನಾದ್ರೂ ಬೇಕಿದ್ರೆ ಬಂದು ತಗೊಂಡೋಗು. ನೀನೂ ಅಲ್ಲಿ ಕೂತು ಕೆಲ್ಸ ಮಾಡ್ದೋಳು."

ನನಗೆ ಬೇಕಾಗಿದ್ದು ಈ ಡಬ್ಬಿ ಒಂದೇ. ಯಾಕೆ ಬೇಕು ಎಂದು ಆಂಟಿ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಆ ಅಂಗಡಿ ಒಂದು ಕಾಲಕ್ಕೆ ಅವರ ಮನೆಯ ದನ ಕಟ್ಟುವ ಜಾಗವಾಗಿತ್ತು. ಗೋಡೆಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆ ಹಾಗೇ ಉಳಿದಿತ್ತು, ಅಂಕಲ್ ಅದಕ್ಕೆ ಚಾರ್ಜರ್ ವೈರುಗಳನ್ನು ನೇತುಹಾಕುತ್ತಿದ್ದರು. ಹೊಲವಿದ್ದ ಕಡೆಯೆಲ್ಲ ಕಟ್ಟಡಗಳೆದ್ದ ಮೇಲೆ ಅವರ ಅಣ್ಣತಮ್ಮಂದಿರು ಕಟ್ಟಡದ ಕೆಲಸಕ್ಕೇ ಇಳಿದರು. ಇವರು ಮಾತ್ರ ಐ.ಟಿ.ಐ. ಮುಗಿಸಿ ಮೊದಲು ರೇಡಿಯೋ, ಆಮೇಲೆ ಟಿವಿ, ಕೊನೆಗೆ ಕಂಪ್ಯೂಟರ್ ಎಂದು ಸ್ಕ್ರೂಡ್ರೈವರ್ ಹಿಡಿದು ಅದೇ ಕೋಣೆಯಲ್ಲಿ ಕೂತರು. ಬಾಡಿಗೆ ಬರುತ್ತಿತ್ತು, ಅಂಗಡಿ ನಡೆಸಲೇಬೇಕೆಂದೇನೂ ಇರಲಿಲ್ಲ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಷಟರ್ ಎತ್ತುವ ಸದ್ದು ಮೇಲಿನ ನನ್ನ ಕೋಣೆಗೆ ಕೇಳುತ್ತಿತ್ತು.

ಆ ರಬ್ಬರು ಅವರ ಮೊದಲ ಔಷಧಿ. ಆನ್ ಆಗದ ಲ್ಯಾಪ್‌ಟಾಪ್ ಬಂದರೆ ಹಿಂಬದಿ ಬಿಚ್ಚಿ, ಮೆಮೊರಿಯ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತಿದ್ದುದು ಪರಿಮಳದ ರಬ್ಬರ್ ಮಾತ್ರ. ಹಾಗಾಗಿ ಅಂಗಡಿಯೊಳಗೆ ಸದಾ ಬಿಸಿಯಾದ ಪ್ಲಾಸ್ಟಿಕ್ಕಿನ ಜೊತೆ ಸ್ಟ್ರಾಬೆರಿಯ ವಾಸನೆ ಇರುತ್ತಿತ್ತು.

ಎರಡನೆಯದು ಹಾಜರಿ. ಹೊಸದಾಗಿ ವಿಂಡೋಸನ್ನೋ ಲಿನಕ್ಸನ್ನೋ ಹಾಕುವ ಮೊದಲು, ಯಂತ್ರದಲ್ಲಿ ಯಾರ್ಯಾರು ಇದ್ದಾರೆ ಎಂದು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು. ಡಿಸ್ಕ್, ಅದನ್ನು ಮಾಡಿದ ಕಂಪನಿ, ಎಷ್ಟು ಜಿಬಿ. ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್. ಪರದೆಯ ಮೇಲೆ ಕಂಡ ಒಂದೊಂದಕ್ಕೂ ಟಿಕ್ ಹಾಕಿ, ಕಾಣದೇ ಇದ್ದದ್ದರ ಮುಂದೆ ಸೊನ್ನೆ ಸುತ್ತುತ್ತಿದ್ದರು. ಅವರ ಬಾಯಲ್ಲಿ 'ಹ' ನಿಲ್ಲುತ್ತಿರಲಿಲ್ಲ. "ಆಜರಿ ತಗೊಳ್ದೆ ಪಾಠ ಶುರು ಮಾಡ್ಬಾರ್ದು ಕಣಮ್ಮ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ, ಕಂಪ್ಯೂಟರೇ ನನ್ನ ವಿಷಯ. ಲಗ್ನಪತ್ರಿಕೆಯ ಪಟ್ಟಿ ನನಗೆ ಬೇಕಿಲ್ಲ ಎಂದು ಮನಸ್ಸಿನಲ್ಲಿತ್ತು.

ಮೂರನೆಯದು ಈ ಡಿಸ್ಕ್. ಇದರಲ್ಲಿ ಇಪ್ಪತ್ತು ವರ್ಷ ಕೂಡಿಟ್ಟ ಡ್ರೈವರುಗಳಿದ್ದವು. ಒಂದೊಂದು ಬಿಡಿಭಾಗವನ್ನೂ ಕಂಪ್ಯೂಟರ್ ಗುರುತಿಸಲು ಬೇಕಾಗುವ ಚಿಕ್ಕ ಚಿಕ್ಕ ಪ್ರೋಗ್ರಾಮುಗಳು. ಯಂತ್ರಗಳ ಜೊತೆ ಸಿ.ಡಿ. ಬರುತ್ತಿದ್ದ ಕಾಲದಿಂದ ಶುರು ಮಾಡಿ, ಒಂದೊಂದು ಮಾಡೆಲ್ಲಿಗೂ ಒಂದು ಫೋಲ್ಡರ್ ಮಾಡಿ, ಹೆಸರು ಕೊಟ್ಟು ಇಟ್ಟಿದ್ದರು. ಕಂಪನಿಗಳು ಎಂದೋ ಕೈಬಿಟ್ಟ ಲ್ಯಾಪ್‌ಟಾಪುಗಳೂ ಅವರ ಬಳಿ ಮತ್ತೆ ಮಾತಾಡುತ್ತಿದ್ದುದು ಇದರಿಂದ. ಹಳೆಯ ಯಂತ್ರ ಇಟ್ಟುಕೊಂಡವರು ಬೇರೆ ಅಂಗಡಿ ದಾಟಿಕೊಂಡು ಇಲ್ಲಿಗೆ ಬರುತ್ತಿದ್ದುದೂ ಇದಕ್ಕೇ. ಮಗಳ ಶಾಲೆಯ ಊಟದ ಡಬ್ಬಿಯಲ್ಲಿ ಅದನ್ನು ಇಡುತ್ತಿದ್ದರು. "ಇದು ಈಗ ನನ್ ಊಟದ ಡಬ್ಬಿ" ಎಂದು ತಟ್ಟಿ ತೋರಿಸುತ್ತಿದ್ದರು.

"ಇನ್ನೊಂದು ಕಾಪಿ ಇದೆಯಾ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ನಾಳೆ ಮಾಡಾಣ ಅಂತ ಐದ್ ವರ್ಷದಿಂದ ಅನ್ಕೋತಾವ್ನಿ."

ಒಂದು ದಿನ ನನ್ನ ಪ್ರಾಜೆಕ್ಟಿಗೆಂದು ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಳ್ಳಬೇಕಿತ್ತು. ನನ್ನ ಫೈಲುಗಳನ್ನೆಲ್ಲ ಬೇರೆ ಕಡೆ ಇಟ್ಟು ಕೆಳಗೆ ಬಂದಿದ್ದೆ. ಪೆನ್‌ಡ್ರೈವಿನಿಂದ ಶುರು ಮಾಡಿದರೆ ವೈಫೈ ಕಾಣಲೇ ಇಲ್ಲ. ಅಂಕಲ್ ನೋಡಿ, ಡಬ್ಬಿಯಿಂದ ತಮ್ಮ ಡಿಸ್ಕ್ ತೆಗೆದು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಅಷ್ಟರಲ್ಲಿ ಮೇಲಿನಿಂದ ಆಂಟಿ ಕೂಗಿದರು. ನೀರು ಬಂದಿತ್ತು, ಮೋಟರ್ ಎತ್ತುತ್ತಿರಲಿಲ್ಲ.

"ವೈಫೈ ಫೈಲು ಕಾಪಿ ಮಾಡ್ಕೊ. ಆಮೇಲೆ ಮೊದ್ಲು ಡಿಸ್ಕ್ ತೆಗ್ದು ಡಬ್ಬೀಲಿಡು. ಆಜರಿ ತಗೊಂಡೇ ಮುಂದಕ್ಕೋಗು" ಎಂದು ಹೇಳಿ ಸ್ಪ್ಯಾನರ್ ಹಿಡಿದು ಹತ್ತಿದರು.

ಫೈಲು ಕಾಪಿ ಮಾಡಿದೆ. ವೈಫೈ ಬಂತು. ಆ ಖುಷಿಯಲ್ಲಿ ಡಿಸ್ಕ್ ತೆಗೆಯುವುದು ಮರೆತುಹೋಯಿತು. ಲಗ್ನಪತ್ರಿಕೆ ಮೇಜಿನ ಮೇಲೇ ಇತ್ತು, ಮುಟ್ಟಲಿಲ್ಲ. ಯಾವ ಡಿಸ್ಕಿಗೆ ಹಾಕಲಿ ಎಂದು ಇನ್‌ಸ್ಟಾಲರ್ ಕೇಳಿದಾಗ ಪಟ್ಟಿಯಲ್ಲಿ ಇದ್ದುದು ಒಂದೇ, ಐನೂರು ಜಿಬಿ. ನನ್ನ ಲ್ಯಾಪ್‌ಟಾಪಿನದು ಐನೂರ ಹನ್ನೆರಡು. ಎರಡೂ ಒಂದೇ ಎಂದುಕೊಂಡೆ. ಕಂಪನಿಯ ಹೆಸರು ಅಲ್ಲೇ ಪಕ್ಕದಲ್ಲಿತ್ತು, ಓದಲಿಲ್ಲ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿತು. ಗೊತ್ತು ಎನ್ನುವಂತೆ ಒತ್ತಿದೆ. ನನ್ನ ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಅದನ್ನೂ ಕೊಟ್ಟೆ.

ಎಲ್ಲ ಮುಗಿದು, ಮತ್ತೆ ಶುರುವಾಗಿ, ಪರದೆಯ ನಡುವೆ ನನ್ನ ಹೆಸರು ಬಂತು. ಹೆಮ್ಮೆಯಾಯಿತು. ಆಗ ಪಕ್ಕದಲ್ಲಿದ್ದ ಅವರ ಡಿಸ್ಕ್ ಕಣ್ಣಿಗೆ ಬಿದ್ದು, ಡಬ್ಬಿಗೆ ಹಾಕೋಣವೆಂದು ಎಳೆದೆ. ಪರದೆ ಹಾಗೇ ಕಲ್ಲಾಯಿತು. ಮೂಲೆಯ ಗಡಿಯಾರ ನಿಂತುಹೋಯಿತು. ಆಫ್ ಮಾಡಿ ಆನ್ ಮಾಡಿದರೆ ನನ್ನ ಹಳೆಯ ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದು ಬಂತು... ನನ್ನ ಡಿಸ್ಕ್ ಇನ್‌ಸ್ಟಾಲರಿಗೆ ಕಂಡೇ ಇರಲಿಲ್ಲ. ಕಂಡದ್ದು ಅವರದು. ನಾನು ಅಳಿಸಿದ್ದು ಅದನ್ನು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದೆ.

"ಆಯ್ತೇನಮ್ಮ?"

"ಇಲ್ಲ ಅಂಕಲ್. ಡಿಸ್ಕ್ ತೋರಿಸ್ತಿಲ್ಲ."

ಅವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೂತರು. ಲ್ಯಾಪ್‌ಟಾಪ್ ಆನ್ ಆಗುವಾಗಲೇ ಒಂದು ಕೀ ಒತ್ತಿಹಿಡಿದು ಒಳಗಿನ ಸೆಟ್ಟಿಂಗಿಗೆ ಹೋಗಿ, ಡಿಸ್ಕಿಗೆ ಸಂಬಂಧಿಸಿದ ಒಂದೇ ಒಂದು ಸಾಲು ಬದಲಿಸಿದರು. ಈ ಸಲ ಐನೂರ ಹನ್ನೆರಡು ಕಾಣಿಸಿತು.

"ನೋಡು, ಇಲ್ಲೇ ಅವ್ನೆ. ಒಳಗೇ ಇದ್ದ, ನಿನ್ ಇನ್‌ಸ್ಟಾಲರ್ ಕಣ್ಣಿಗೆ ಬೀಳ್ತಿರ್ಲಿಲ್ಲ ಅಷ್ಟೆ. ನನ್ ಡಬ್ಬಿ?"

"ಅಲ್ಲೇ ಇಟ್ಟಿದೀನಿ ಅಂಕಲ್."

ಆ ಕ್ಷಣದಲ್ಲಿ ಹೇಳಬಹುದಿತ್ತು. ಮರುದಿನವೂ ಹೇಳಬಹುದಿತ್ತು.

ಎರಡು ದಿನ ಕೆಳಗೆ ಹೋಗಲಿಲ್ಲ. ಮೂರನೆಯ ದಿನ ಹೋದಾಗ ಗೊರಗುಂಟೆಪಾಳ್ಯದ ಟೈಪಿಂಗ್ ಅಂಗಡಿಯವರೊಬ್ಬರು ಹಳೆಯ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದರು. ಅಂಕಲ್ ಇಲ್ಲವೆಂದು ಕೈಯಾಡಿಸಿದರು.

"ಡಿಸ್ಕ್ ಓಗ್ಬಿಡ್ತು ಕಣ್ರೀ. ತಿರುಗ್ತಾನೇ ಇಲ್ಲ. ಇದರ ಸೌಂಡು ನನ್ ಕೈಲೀಗ ಆಗಲ್ಲ."

"ಏನ್ ಗುರು ನೀನು! ನಿನ್ ಡಿಸ್ಕೇ ಉಳಿಸ್ಕೊಳ್ಳಕ್ಕಾಗ್ಲಿಲ್ಲ, ಇನ್ ನಮ್ದೇನ್ ಉಳಿಸ್ತೀಯ?"

"ಡಾಕ್ಟ್ರಿಗ್ ಜ್ವರ ಬರಲ್ವೇನ್ರೀ?" ಎಂದು ಅಂಕಲ್ ನಕ್ಕರು.

"ಸರಿ ಬಿಡು, ಈ ಡಾಕ್ಟ್ರನ್ನ ಬಿಟ್ಟು ಬೇರೆ ಡಾಕ್ಟ್ರ ಹತ್ರ ಹೋಗ್ತೀನಿ" ಎಂದು ಅವರು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ಹದಿನೈದು ವರ್ಷದ ಗಿರಾಕಿ. ನಾನಿದ್ದಷ್ಟು ದಿನ ಮತ್ತೆ ಬಂದದ್ದನ್ನು ನೋಡಲಿಲ್ಲ.

ನಾನು ಗೋಡೆಯ ಬಳೆಯನ್ನು ನೋಡುತ್ತಾ ನಿಂತಿದ್ದೆ. ನಿಜ ಹೇಳಬೇಕೆಂದರೆ, ಮೊದಲು ಆದದ್ದು ಸಮಾಧಾನ. ಓಡುತ್ತಿದ್ದ ಡಿಸ್ಕನ್ನು ನಾನು ಎಳೆದದ್ದಕ್ಕೆ ಅದು ಪೂರ್ತಿ ಕೆಟ್ಟಿರಬೇಕು, ಅಳಿಸಿದ್ದು ಇವರಿಗೆ ತಿಳಿದಿಲ್ಲ ಎಂದುಕೊಂಡೆ. ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು.

"ಅಂಕಲ್, ಮಧ್ಯಾಹ್ನದ ಹೊತ್ತು ಬಂದು ಡ್ರೈವರ್‌ಗಳನ್ನ ಮತ್ತೆ ಡೌನ್‌ಲೋಡ್ ಮಾಡಿಕೊಡ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಂಗ್ಯಾಕಮ್ಮ ಈ ಕೆಲ್ಸ? ಪರೀಕ್ಷೆ ಇಲ್ವಾ?"

"ಪರವಾಗಿಲ್ಲ."

"ಸರಿ. ಬಾ."

ಐದು ತಿಂಗಳು ಹೋದೆ. ಅವರು ಸ್ಕ್ರೂ ಬಿಚ್ಚುತ್ತಾ ಮಾಡೆಲ್ ನಂಬರುಗಳನ್ನು ನೆನಪಿನಿಂದ ಹೇಳುತ್ತಿದ್ದರು, ನಾನು ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದುಕೊಂಡು ಅವರ ಕಂಪ್ಯೂಟರಿನಲ್ಲಿ ಒಂದೊಂದಾಗಿ ಹುಡುಕುತ್ತಿದ್ದೆ. ಹಲವು ಸಿಗಲೇ ಇಲ್ಲ. ಕಂಪನಿಗಳು ಆ ಪುಟಗಳನ್ನೇ ತೆಗೆದುಹಾಕಿದ್ದವು. ಸಿಗದಿದ್ದಕ್ಕೆಲ್ಲ ಅವರಂತೆಯೇ ಸೊನ್ನೆ ಸುತ್ತಿದೆ. ಅವರೆಕಾಯಿ ಕಾಲ ಬಂತು. ಆಂಟಿ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟು, "ಓದೋ ಮಗೀನ ಇಂಗೆ ಕೂರಿಸ್ಕೊಂಡಿದೀರಲ್ಲ, ನಾಚ್ಕೆ ಆಗಲ್ವಾ ನಿಮ್ಗೆ?" ಎಂದು ಗಂಡನನ್ನು ಗದರುತ್ತಿದ್ದರು. "ಅವ್ಳೇ ಬರ್ತಾಳೆ ಕಣೇ" ಎಂದು ಅವರು ಮತ್ತೆ ಸ್ಕ್ರೂ ಬಿಚ್ಚಲು ಬಗ್ಗುತ್ತಿದ್ದರು.

ಒಮ್ಮೆ ಅವರ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಕಣ್ಣಿಗೆ ಬಿತ್ತು. ತೆರೆದರೆ ಸಾವಿರಾರು ಫೈಲುಗಳು, ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿಗಳು. ಇದೇನೆಂದು ಕೇಳಿದೆ. "ಯಾವ್ದೋ ಕಸ ಕಣಮ್ಮ. ಎಸ್ರೇ ಇಲ್ಲದ್ಮೇಲೆ ಯಾವ್ದು ಯಾರ್ದು ಅಂತ ಎಂಗ್ ಗೊತ್ತಾಯ್ತದೆ" ಎಂದು ಕೈಚಾಚಿ ಅದನ್ನು ಮುಚ್ಚಿದರು.

ಇನ್ನೊಮ್ಮೆ ಹೇಳಿಯೇಬಿಡಬೇಕೆಂದು ಕೋಣೆಯಿಂದಲೇ ಮಾತು ಜೋಡಿಸಿಕೊಂಡು ಬಂದೆ. "ಅಂಕಲ್, ನಿಮ್ಗೊಂದು ವಿಷಯ ಹೇಳ್ಬೇಕಿತ್ತು..."

ಅವರು ತಲೆ ಎತ್ತಲಿಲ್ಲ. "ಅದಿರ್ಲಿ, ಈ ಸ್ಕ್ರೂ ಇಡ್ಕೊ. ಬಿದ್ರೆ ಸಿಗಲ್ಲ."

ಹಿಡಿದುಕೊಂಡೆ. ಅಂಗೈಯಲ್ಲಿ ಸಾಸಿವೆಯಷ್ಟು ಸ್ಕ್ರೂ. ಹೇಳಲು ಹೊರಟದ್ದು ಅಲ್ಲಿಗೇ ನಿಂತಿತು. ಅವರು ನನ್ನ ಮಾತನ್ನು ಗಮನಿಸಲಿಲ್ಲ ಎಂದುಕೊಂಡೆ.

ಪರೀಕ್ಷೆ ಮುಗಿಯಿತು, ಕೋಣೆ ಬಿಟ್ಟೆ. ಹೆಬ್ಬಾಳದ ಆಚೆ ಕೆಲಸ ಸಿಕ್ಕಿತು, ಯಲಹಂಕದಲ್ಲಿ ಮನೆ ಮಾಡಿದೆ. ಮತ್ತಿಕೆರೆಗೆ ಎರಡು ಸಲ ಹೋಗಿ ಬಂದೆ, ಆಮೇಲೆ ಹೋಗಲಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಾಗಲೆಲ್ಲ, ಈ ಭಾನುವಾರ ಹೋಗಿ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವರು ಕಾಪಿ ಮಾಡಿಕೊಳ್ಳುವುದನ್ನು ನಾಳೆಗೆ ಇಟ್ಟ ಹಾಗೆಯೇ...

ಅಂಗಡಿಯಿಂದ ಡಬ್ಬಿ ತಂದ ಮೇಲಿನ ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಅದನ್ನು ಮತ್ತೆ ತೆರೆದೆ. ಕೆಟ್ಟ ಡಿಸ್ಕಿನಿಂದಲೂ ಏನಾದರೂ ತೆಗೆಯಲಾದೀತೇ ಎಂದು ನೋಡುವ ಆಸೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಡಿಸ್ಕಿನ ಮೇಲೆ ಕೈಯಿಟ್ಟೆ. ಅಂಗೈಗೆ ಸಣ್ಣ ನಡುಕ ತಾಗಿತು.

ಅದು ತಿರುಗುತ್ತಿತ್ತು.

ಲ್ಯಾಪ್‌ಟಾಪನ್ನು ಆಫ್ ಮಾಡಿ, ಅದೇ ಡಿಸ್ಕಿನಿಂದ ಆನ್ ಮಾಡಿದೆ. ಸ್ವಲ್ಪ ಹೊತ್ತು ಕಪ್ಪು. ಆಮೇಲೆ ಪರದೆಯ ನಡುವೆ ನನ್ನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ.

ಅಂದು ನಾನು ಮೇಲಿನ ಕೋಣೆಗೆ ಹೋದ ಮೇಲೆ ಅವರು ಸಿಕ್ಕಿಸಿ ನೋಡಿದಾಗಲೂ ಇದೇ ಬಂದಿರಬೇಕು. ಇಂಥ ಕೆಲಸದಲ್ಲೇ ಬದುಕಿದವರಿಗೆ ಎಲ್ಲವೂ ಅರ್ಥವಾಗಲು ಒಂದು ನಿಮಿಷ ಸಾಕು. ಅಳಿಸಿಹೋದದ್ದನ್ನು ಮರಳಿ ತೆಗೆಯಲು ಪ್ರಯತ್ನಿಸಿದ್ದಾರೆ. ಫೈಲುಗಳು ಬಂದಿವೆ, ಹೆಸರುಗಳು ಬಂದಿಲ್ಲ. ಆ ಅಂಕಿಗಳ ಫೋಲ್ಡರ್ ಅದೇ. ಇಷ್ಟೆಲ್ಲ ಆದ ಮೇಲೆ, ಗಟ್ಟಿಯಾಗಿದ್ದ ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿಟ್ಟು, ಅದು ತಿರುಗುತ್ತಿಲ್ಲ ಎಂದು ಗಿರಾಕಿಗಳಿಗೆ ಹೇಳಿದ್ದಾರೆ, ನಾನು ಅಲ್ಲೇ ನಿಂತಿದ್ದಾಗಲೂ. ಅಳಿಸಿ ಮತ್ತೆ ಬಳಸಿಕೊಳ್ಳಬಹುದಿತ್ತು. ಅದನ್ನೂ ಮಾಡಿರಲಿಲ್ಲ.

ಫೋನ್ ತೆಗೆದುಕೊಂಡು ಆಂಟಿಗೆ ಕರೆ ಮಾಡಿದೆ. ಹಿಂದೆ ಗುಜರಿಯವನು ತಗಡು ಎಳೆಯುವ ಸದ್ದು ಕೇಳುತ್ತಿತ್ತು.

"ಆಂಟಿ, ಅಂಕಲ್ ಡಿಸ್ಕ್ ಹಾಳಾಗಿದ್ದು ನನ್ನಿಂದ. ನಾನೇ ಅಳಿಸಿಬಿಟ್ಟೆ. ಹೇಳ್ಲಿಲ್ಲ."

"ಯಾವ್ದಮ್ಮ? ಆ ಡಬ್ಬೀಲಿದ್ದಿದ್ದಾ?" ಆಂಟಿಗೆ ಅರ್ಥವಾಗಲು ಹೊತ್ತಾಯಿತು. "ಅದು ತಾನೇ ಕೆಟ್ಟೋಯ್ತು ಅಂದಿದ್ರಲ್ಲ ಇವ್ರು. ವಯಸ್ಸಾಗಿತ್ತು ಅದ್ಕೆ ಅಂದಿದ್ರು."

"ಇಲ್ಲ ಆಂಟಿ. ಅದು ಕೆಟ್ಟಿಲ್ಲ. ಈಗ್ಲೂ ತಿರುಗ್ತಾ ಇದೆ."

"ಅಂಗಾ?" ಎಂದರು. ಗುಜರಿಯವನಿಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದರು. "ಅಂಗಾದ್ರೆ ನೀನೇ ಇಟ್ಕೊಳಮ್ಮ. ಏನಕ್ಕಾದ್ರೂ ಆಯ್ತದೆ."

ಫೋನ್ ಇಟ್ಟೆ. ಪರದೆ ಇನ್ನೂ ನನ್ನ ಹೆಸರನ್ನು ತೋರಿಸುತ್ತಾ ಕಾಯುತ್ತಿತ್ತು. ಪಾಸ್‌ವರ್ಡ್ ನೆನಪಿತ್ತು, ಆದರೆ ಕೈ ಮುಂದೆ ಹೋಗಲಿಲ್ಲ. ಡಿಸ್ಕಿನ ಮೇಲೆ ಅಂಗೈಯಿಟ್ಟುಕೊಂಡು, ಅದರ ನಡುಕ ಕೈಗೆ ಅಭ್ಯಾಸವಾಗುವ ತನಕ ಕೂತಿದ್ದೆ.