ಅಗ್ಗದ ಅರ್ಧಕ್ಕೆ ಬಿದ್ದ ಪರಿಹಾರ

ಬೆಳಿಗ್ಗೆ ಏಳಕ್ಕೆ ಬಾಲಿನ್‌ರೋಬ್ ಎಂಬ ಊರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಅಟ್ರಾಕ್ಟಾ ಹೆನೆಘನ್‌ಗೆ ತನ್ನದೇ ಹೆಸರಿನ ಲಕೋಟೆ ಸಿಕ್ಕಿತು. ಬ್ಯಾಂಕಿನದು. ಅದನ್ನು ಕಟ್ಟಿನ ಅಡಿಗೆ ಸೇರಿಸಿದಳು.

"ಒಡೆದು ನೋಡೇ ಮಾರಾಯ್ತಿ," ಎಂದ ಪಕ್ಕದ ಮೇಜಿನ ಮಲಾಕಿ.

"ನನ್ನ ಮನೆ ಬರೋದು ಕೊನೇಲಿ. ಮನೆಗೆ ಮುಟ್ಟಿದ ಮೇಲೆ ಒಡೀತೀನಿ."

"ಪೋಸ್ಟಮ್ಮನೂ ನೀನೇ, ಮನೆಯವಳೂ ನೀನೇ!"

"ಅದಕ್ಕೇ. ಮನೆಯವಳು ಪೋಸ್ಟಮ್ಮನ್ನ ನಂಬಬೇಕಲ್ಲ."

ಇಪ್ಪತ್ತೆಂಟು ವರ್ಷದಿಂದ ಇದೇ ದಾರಿಯಲ್ಲಿ ಹಸಿರು ವ್ಯಾನು ಓಡಿಸುವ ಅಟ್ರಾಕ್ಟಾಳ ಮನೆಸಾಲಕ್ಕೆ ಎರಡು ಭಾಗ. ಒಂದು ಟ್ರ್ಯಾಕರ್: ಅದರ ಬಡ್ಡಿ ಯುರೋಪಿನ ಕೇಂದ್ರ ಬ್ಯಾಂಕಿನ ದರದ ಬೆನ್ನು ಹಿಡಿದು ನಡೆಯುತ್ತದೆ, ತೀರಾ ಅಗ್ಗ. ಇನ್ನೊಂದಕ್ಕೆ ಬ್ಯಾಂಕು ಹೇಳಿದ್ದೇ ಬಡ್ಡಿ, ಟ್ರ್ಯಾಕರಿನ ನಾಲ್ಕು ಪಟ್ಟು. ಟ್ರ್ಯಾಕರ್ ಭಾಗಕ್ಕೂ ಒಂಬತ್ತು ವರ್ಷ ದುಬಾರಿ ಬಡ್ಡಿಯನ್ನೇ ಎಳೆದುಕೊಂಡ ಬ್ಯಾಂಕು, ಕಳೆದ ವರ್ಷ ತಪ್ಪೊಪ್ಪಿಕೊಂಡು ಹದಿನಾಲ್ಕು ಸಾವಿರ ಯೂರೋ ಪರಿಹಾರ ಕೊಟ್ಟಿತು. ಕೊಟ್ಟಿತು ಎಂದರೆ, ಒಂದು ಮಾತೂ ಕೇಳದೆ ಅಗ್ಗದ ಭಾಗದ ಅಸಲಿಗೆ ಜಮಾ ಮಾಡಿತು. ದುಬಾರಿ ಭಾಗಕ್ಕೆ ಹಾಕಿದ್ದರೆ ನಿವೃತ್ತಿಯ ಹೊತ್ತಿಗೆ ಸಾಲ ತೀರುತ್ತಿತ್ತು. ಈಗ ಆಮೇಲೂ ಮೂರು ವರ್ಷ ಕಟ್ಟಬೇಕು. ಹಣವನ್ನು ಅಲ್ಲಿಂದ ಇಲ್ಲಿಗೆ ಬದಲಿಸಿ ಎಂದು ಆಕೆ ಬರೆದ ಪತ್ರಗಳು ಹನ್ನೊಂದು.

ಸುದ್ದಿ ವ್ಯಾನಿಗಿಂತ ಮುಂದೆ ಓಡಿತ್ತು. ಹಿಂದೆ ದನದ ವ್ಯಾಪಾರ ಮಾಡುತ್ತಿದ್ದ ಮುದುಕ ಫೆಸ್ಟಿ ಕಾಯ್ನ್ ತನ್ನ ಮನೆಯ ಗೇಟಿನಲ್ಲೇ ಕಾದಿದ್ದ.

"ಮಲಾಕಿ ಫೋನ್ ಮಾಡಿದ್ದ. ತಾ ಇಲ್ಲಿ, ಬಿಸಿಲಿಗೆ ಹಿಡಿದು ನೋಡೋಣ."

"ಒಬ್ಬರ ಟಪಾಲು ಇನ್ನೊಬ್ಬರಿಗೆ ತೋರಿಸೋ ಹಾಗಿಲ್ಲ."

"ನಿಂದೇ ಅಲ್ವಾ ಮಗಳೇ!"

"ಒಂದೂವರೆಗೆ ನನ್ನ ಮನೆ ಬಾಗಿಲು ಮುಟ್ಟೋವರೆಗೂ ಇಲಾಖೆದು."

"ಹೋಗ್ಲಿ, ದಪ್ಪ ಇದೆಯಾ, ತೆಳ್ಳಗಿದೆಯಾ?"

"ತೆಳ್ಳಗಿದೆ."

"ಹಾಗಾದ್ರೆ ಕೆಟ್ಟಿತು ಬಿಡು. ಇಲ್ಲ ಅನ್ನೋಕೆ ಎಷ್ಟು ಕಾಗದ ಬೇಕು?"

ಒಂದೂವರೆಗೆ ಅಟ್ರಾಕ್ಟಾ ತನ್ನ ಬಾಗಿಲಿನ ಕಿಂಡಿಯಲ್ಲಿ ಲಕೋಟೆ ತೂರಿಸಿ, ಬೀಗ ತೆಗೆದು ಒಳಹೋಗಿ, ಚಾಪೆಯ ಮೇಲಿಂದ ಎತ್ತಿಕೊಂಡಳು. ಒಂದೇ ಹಾಳೆ. ಬದಲಿಸಲು ಆಗುವುದಿಲ್ಲ, ಇದೇ ನಮ್ಮ ಕೊನೆಯ ಉತ್ತರ ಎಂದಿತ್ತು. ಚಹಾಕ್ಕೆ ನೀರಿಟ್ಟು ಮತ್ತೊಮ್ಮೆ ಓದಿ, ಮಲಾಕಿಗೆ ಫೋನ್ ಮಾಡಿದಳು.

"ಸೋತ್ಯಾ?"

"ಎಂಟು ತಿಂಗಳಿಂದ ಪರಿಶೀಲಿಸ್ತಿದೀವಿ, ಪರಿಶೀಲಿಸ್ತಿದೀವಿ ಅಂತಿದ್ರು. ಕೊನೇ ಉತ್ತರ ಅಂತ ಅವರು ಬರೆದು ಕೊಡೋವರೆಗೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಒಂಬುಡ್ಸ್‌ಮನ್ ನಮ್ಮ ದೂರು ಮುಟ್ಟೋದೇ ಇಲ್ಲ. ಈಗ ಬರೆದು ಕೊಟ್ಟಿದಾರೆ ನೋಡು, ಪುಣ್ಯಾತ್ಮರು!"

ಮರುದಿನ ದೂರು ರಿಜಿಸ್ಟರ್ಡ್ ಟಪಾಲಿನಲ್ಲಿ ಡಬ್ಲಿನ್‌ಗೆ ಹೋಯಿತು. ಒಂಬುಡ್ಸ್‌ಮನ್ ಕಚೇರಿ ಅದನ್ನು ದಾಖಲಿಸಿಕೊಂಡು, ಉತ್ತರ ಕೊಡಲು ಬ್ಯಾಂಕಿಗೆ ಮಾರ್ಚ್ ಒಂಬತ್ತರವರೆಗೆ ಗಡುವು ಹಾಕಿದೆ.